ಸೆಕ್ರೆಟರಿ ಅಪ್ಪಾರ ಸಾಕ್ಷಿ

ತೊರಗಲ್
೧೪ ನವೆಂಬರ್ ೨೦೨೪

ಚಿರಂಜೀವಿ ಶಿವಾನಿಗೆ ಅಪ್ಪನ ಆಶೀರ್ವಾದ.

ನಿನ್ನೆ ನೀನು ಫೋನ್ ಮಾಡಿದಾಗ ನಾನು ನಡುವೆಯೇ ಇಟ್ಟುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ. ಕೆಲವು ವಿಷಯ ಫೋನಿನಲ್ಲಿ ಆಡಬಾರದು. ಈಗಿನ ಕಾಲದಲ್ಲಿ ಯಾರ ಮಾತು ಎಲ್ಲಿ ಹೋಗಿ ಉಳಿಯುತ್ತದೆಂದು ಹೇಳಲಾಗದು. ಇಷ್ಟು ವರ್ಷ ಸೊಸೈಟಿಯ ಸೆಕ್ರೆಟರಿಯಾಗಿ ಬರೆದ ಕೈ ನನ್ನದು, ಬರೆಯುವುದೇ ಸಲೀಸು. ಈ ವಿಷಯಕ್ಕೆ ನೀನೂ ಕಾಗದವನ್ನೇ ಹಾಕು.

ಬುರಾನಸಾಬನ ಮಗ ಸರ್ಫರಾಜನನ್ನು ಪೊಲೀಸರು ಹಿಡಿದಿದ್ದಾರೆ. ಆದದ್ದು ಇಷ್ಟು. ನಮ್ಮ ಜೋಡಿಯಲ್ಲಿ ಒಂದು ಎತ್ತು ದೀಪಾವಳಿಗೆ ಮುಂಚೆ ಸತ್ತದ್ದು ನಿನಗೆ ಗೊತ್ತು. ಉಳಿದದ್ದನ್ನು ಕೊಟ್ಟು, ಮುರಗೋಡದ ಕಡೆ ಕಾಂತೇಶನೆಂಬ ರೈತನ ಮನೆಯಲ್ಲಿ ಬೇರೆ ಜೋಡಿ ನೋಡಿ ಬಂದಿದ್ದೆ. ಒಳ್ಳೆಯ ಎತ್ತುಗಳು, ಎಡೆ ಹೊಡೆಯಲು ಹೇಳಿಮಾಡಿಸಿದಂಥವು. ತರುವ ದಿನ ನನ್ನ ಮೊಣಕಾಲು ಬಾತಿತ್ತು. "ನೀನ ಹೋಗಿ ಹೊಡಕೊಂಡು ಬಾರಪಾ" ಎಂದು ಸರ್ಫರಾಜನಿಗೆ ಹೇಳಿದೆ. ತನ್ನ ಟೆಂಪೋ ತೆಗೆದುಕೊಂಡು ಹೋದ. ಬರುವಾಗ ಸವದತ್ತಿ ದಾಟಿದ ಮೇಲೆ ಯಾರೋ ಹುಡುಗರು ಬೈಕು ಅಡ್ಡ ಹಾಕಿ ಇಳಿಸಿಕೊಂಡರಂತೆ. ಸ್ವಲ್ಪ ಕೈ ಮಾಡಿದ್ದಾರೆ. ದನಗಳನ್ನು ಕಡಿಯಲು ಒಯ್ಯುತ್ತಿದ್ದನೆಂದು ದೂರು. ದನ ಗೋಶಾಲೆಗೆ ಹೋದವು, ಟೆಂಪೋ ಠಾಣೆಯ ಮುಂದೆ ನಿಂತಿದೆ, ಹುಡುಗ ಒಳಗಿದ್ದಾನೆ.

ಠಾಣೆಯಿಂದ ನನಗೂ ಫೋನ್ ಬಂತು. "ಎತ್ತು ನಿಮ್ಮವು ಅನ್ನಾಕತ್ತಾನ್ರಿ ಇಂವಾ. ಬಂದು ಹೇಳಿಕಿ ಕೊಟ್ಟು ಹೋಗ್ರಿ" ಎಂದರು. ಸೋಮವಾರ ಹೋಗಬೇಕೆಂದಿದ್ದೇನೆ.

ಬುರಾನಸಾಬ ಬೆಳಿಗ್ಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದ. ನಾನೇ ಚಹಾ ಮಾಡಿಸಿ ಕೊಟ್ಟೆ. ನಿನ್ನ ಅತ್ತಿ ಶಟ್ಟೆವ್ವ ಎಂದಿನಂತೆ ಎಲ್ಲರನ್ನೂ ಬೈಯುತ್ತಿದ್ದಾಳೆ. ಪೊಲೀಸರನ್ನು, ಆ ಹುಡುಗರನ್ನು, ಸರ್ಫರಾಜನನ್ನು, ಅವನ ಅಪ್ಪನನ್ನು, ನನ್ನನ್ನು. ನನ್ನ ಬೆನ್ನಿಗೆ ಹುಟ್ಟಿದವಳಾಗಿದ್ದರೆ ಒಂದು ಮಾತು ಗದರಬಹುದಿತ್ತು. ಅಕ್ಕನಾದಳಲ್ಲ.

ಚಳಿ ಬಿದ್ದಿದೆ. ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಕಿವಿಗೆ ಏನಾದರೂ ಕಟ್ಟಿಕೊ. ನಿನ್ನ ಅಣ್ಣ ಕಲ್ಮೇಶ ಬೈಲಹೊಂಗಲಕ್ಕೆ ಬರುವವನಿದ್ದಾನೆ, ಅವನ ಕೈಯಲ್ಲಿ ಶೇಂಗಾದ ಹೋಳಿಗೆ ಕೊಟ್ಟು ಕಳಿಸುತ್ತೇನೆ.

ನಿನ್ನ ತಂದೆ,
ವೀರಪ್ಪ


ಬೈಲಹೊಂಗಲ
೩೦ ನವೆಂಬರ್ ೨೦೨೪

ಪ್ರೀತಿಯ ಅಪ್ಪಾಜಿ, ನಮಸ್ಕಾರ.

ಅಣ್ಣ ಬಂದು ಹೋದ. ಹೋಳಿಗೆ ತಲುಪಿದವು. ನೀವು ಠಾಣೆಗೆ ಹೋಗಿ ಬಂದ ಸುದ್ದಿ ಮಾತ್ರ ತಲುಪಲಿಲ್ಲ. ಅಣ್ಣನನ್ನು ಕೇಳಿದರೆ, "ಅಪ್ಪಾ ಇನ್ನೂ ಇಚಾರ ಮಾಡಾಕತ್ತಾನ" ಎಂದ. ಇದರಲ್ಲಿ ವಿಚಾರ ಮಾಡುವುದು ಏನಿದೆ?

ಮೊನ್ನೆ ಫಿರದೋಸ್ ರಾಮದುರ್ಗದಿಂದ ಫೋನ್ ಮಾಡಿದ್ದಳು. ತಮ್ಮ ಸರ್ಫರಾಜ ಒಳಗೆ ಹೋದಾಗಿನಿಂದ ಅವಳು ಗಂಡನ ಮನೆಯಲ್ಲಿ ಒಲೆ ಹೊತ್ತಿಸುವುದಕ್ಕಷ್ಟೇ ಇರುತ್ತಾಳಂತೆ, ಉಳಿದ ಹೊತ್ತೆಲ್ಲ ವಕೀಲರ ಬಾಗಿಲು. ನಾವಿಬ್ಬರೂ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಒಂದೇ ಸೀಟು ಹಿಡಿದು ಹೋದವರು. ಅವಳು ಅತ್ತದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

"ಲೇ ಶಿವಿ, ಅವನ ದವಡಿ ಮುರದೈತಿ. ಗಂಜಿ ಅಷ್ಟ ಕುಡಿತಾನ, ಅದೂ ಬಾಯಾಗಿಂದ ಸೋರತೈತಿ. ನಿಮ್ಮ ಅಪ್ಪಾರು ಹೋಗಿ ಎತ್ತು ನನ್ನವು ಅಂತ ಒಂದ ಮಾತು ಅಂದ್ರ ಕೇಸು ನಿಂದರಂಗಿಲ್ಲ ಅಂತಾರ ವಕೀಲರು. ನಮ್ಮ ಅಬ್ಬಾ ದಿನಾ ನಿಮ್ಮ ಮನಿಗೆ ಹೋಗಿ ಬರತಾನ. ದಿನಾ ಚಾ ಕುಡಿಸಿ ಕಳಸ್ತಾರ."

ನೀವು "ಸ್ವಲ್ಪ ಕೈ ಮಾಡಿದ್ದಾರೆ" ಎಂದು ಬರೆದಿದ್ದಿರಿ.

ಅಪ್ಪಾಜಿ, ಮಲಪ್ರಭೆಗೆ ಮಹಾಪೂರ ಬಂದ ವರ್ಷ ಬುರಾನಸಾಬ ಕಾಕಾನ ಮನೆ ನೀರಲ್ಲಿ ಕುಳಿತಾಗ, ಎದೆಮಟ್ಟ ನೀರಲ್ಲಿ ಹೋಗಿ ಅವರ ಮುದುಕಿ ತಾಯಿಯನ್ನು ಬೆನ್ನಮೇಲೆ ಹೊತ್ತು ತಂದವರು ನೀವು. ಪಡಸಾಲೆಯಲ್ಲಿ ಅವರಿಗೆ ಜಾಗ ಮಾಡಿಕೊಟ್ಟಿರಿ. ಊರಿನವರು ಏನೇನೋ ಅಂದಾಗ "ನೀರಿಗೆ ಜಾತಿ ಗೊತ್ತೈತೇನು?" ಎಂದು ಬಾಯಿ ಮುಚ್ಚಿಸಿದಿರಿ. ನಾನು ಎಲ್ಲರ ಮುಂದೆ ಹೇಳಿಕೊಳ್ಳುವ ಅಪ್ಪ ಅವರು. ಈಗ ನೀರಿಗೆ ಇಳಿಯುವುದೂ ಬೇಡ. ಬಸ್ಸು ಹತ್ತಿ ಹೋಗಿ ಒಂದು ಮಾತು ಹೇಳಿ ಬರಬೇಕಷ್ಟೆ. ಕಾಲು ನೋವಿದ್ದರೆ ಅಣ್ಣ ಗಾಡಿಯ ಮೇಲೆ ಕರೆದೊಯ್ಯುತ್ತಾನೆ.

ಇದನ್ನು ಓದಿದ ದಿನವೇ ಹೋಗಿ.

ನಿಮ್ಮ ಮಗಳು,
ಶಿವಾನಿ


ತೊರಗಲ್
೯ ಡಿಸೆಂಬರ್ ೨೦೨೪

ಚಿ. ಶಿವಾನಿಗೆ ಆಶೀರ್ವಾದಗಳು.

ಹೋಗಿ ಬಂದೆ. ನಿನ್ನ ಕಾಗದ ಬರುವ ಮುಂಚೆಯೇ ಹೋಗುವುದು ನಿಶ್ಚಯವಾಗಿತ್ತು, ನಿನ್ನ ಅವಸರಕ್ಕೆ ಹೋದೆನೆಂದು ತಿಳಿಯಬೇಡ.

ಸಾಹೇಬರು ಮರ್ಯಾದೆಯಿಂದ ಕುರ್ಚಿ ಕೊಟ್ಟರು. "ಸೆಕ್ರೆಟರಿ ಅಂದ್ರ ನೀವೇನ್ರಿ? ನಿಮ್ಮ ಹೆಸರು ಕೇಳೇವಿ" ಎಂದರು. ಆಮೇಲೆ ಕೇಳಿದರು: "ನೀವು ಎಷ್ಟು ದನಾ ತರಾಕ ಹೇಳಿದ್ರಿ?"

"ಎರಡು" ಎಂದೆ.

"ಗಾಡ್ಯಾಗ ಮೂರು ಇದ್ದುವಲ್ರಿ. ಎರಡು ಎತ್ತು, ಒಂದು ಮಣಕ, ಇನ್ನೂ ಈಯದ ಆಕಳಾ. ಮಣಕ ಯಾರದು?"

"ಮಣಕ ತಗೊಂಬಾ ಅಂತ ನಾ ಹೇಳಿಲ್ರಿ" ಎಂದೆ. ಹೇಳಿರಲಿಲ್ಲ, ಆದ್ದರಿಂದ ಹಾಗೆಂದೆ.

"ಎತ್ತಾದ್ರೂ ನೀವು ತಗೊಂಡುವು ಹೌದೇನ್ರಿ? ಗೋಶಾಲಿಗೆ ಹೋಗಿ ಗುರುತು ಹಿಡೀತೀರೇನು?"

ನಾನು ವಿಚಾರ ಮಾಡಿದೆ. ನಾನು ನೋಡಿದ್ದು ಕಾಂತೇಶನ ಮನೆಯ ಕೊಟ್ಟಿಗೆಯಲ್ಲಿ, ಸಂಜೆಯ ಹೊತ್ತಿನಲ್ಲಿ. ಗಾಡಿ ಏರಿಸುವಾಗ ನಾನು ಇರಲಿಲ್ಲ. ನಡುವೆ ಏನಾಯಿತೋ ನನಗೆ ಗೊತ್ತಿಲ್ಲ. ಮೂರನೆಯದು ಬಂದಿದೆ ಎಂದಮೇಲೆ ಉಳಿದ ಎರಡು ಅವೇ ಎಂದು ನಾನು ಯಾವ ಧೈರ್ಯದ ಮೇಲೆ ಸಹಿ ಹಾಕಲಿ? "ನಾ ಕಣ್ಣಾರೆ ನೋಡದ್ದನ್ನ ಹೇಳಂಗಿಲ್ರಿ ಸಾಹೇಬ್ರ" ಎಂದೆ. ಹಾಗೆಯೇ ಬರೆದುಕೊಂಡರು. ಓದಿ ನೋಡಿ ಸಹಿ ಹಾಕಿದೆ.

ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಆದರೆ ನನ್ನ ಹುದ್ದೆಯ ಕಾಲದಲ್ಲೂ ನಾನು ನೋಡದ ಗೊಬ್ಬರದ ಚೀಲಕ್ಕೆ ನೋಡಿದೆನೆಂದು ಸಹಿ ಮಾಡಿದವನಲ್ಲ. ಯಾರದೋ ಮುಖ ನೋಡಿ ಈ ವಯಸ್ಸಿನಲ್ಲಿ ಅದನ್ನು ಶುರು ಮಾಡಲೇ? ಹುಡುಗ ತಪ್ಪು ಮಾಡಿರದಿದ್ದರೆ ಬಿಟ್ಟೇ ಬಿಡುತ್ತಾರೆ. ದೇವರಿದ್ದಾನೆ, ಕಾನೂನಿದೆ.

ಬುರಾನಸಾಬನಿಗೂ ಇದನ್ನೇ ಸಮಾಧಾನದಿಂದ ಹೇಳಿದೆ. ತಲೆ ಅಲ್ಲಾಡಿಸಿ ಎದ್ದು ಹೋದ. ಅವನ ಮನೆಗೆ ಒಂದು ಚೀಲ ಜೋಳ ಕಳಿಸಿದ್ದೇನೆ. ದುಡಿಯುವ ಕೈ ಒಳಗಿದ್ದಾಗ ಮನೆ ನಡೆಯಬೇಕಲ್ಲ.

ನಿನ್ನ ತಂದೆ,
ವೀರಪ್ಪ


ಬೈಲಹೊಂಗಲ
೨೨ ಡಿಸೆಂಬರ್ ೨೦೨೪

ಅಪ್ಪಾಜಿ,

ನಿಮ್ಮ ಜೋಳದ ಚೀಲವನ್ನು ಬುರಾನಸಾಬ ಕಾಕಾ ಬಿಚ್ಚಿಲ್ಲವಂತೆ. ಫಿರದೋಸ್ ಹೇಳಿದಳು.

ಈ ವಾರ ನನ್ನ ಬಿ.ಎಡ್. ಹುಡುಗರಿಗೆ ಪೂರ್ವಗ್ರಹದ ಪಾಠ ಮಾಡಬೇಕಿತ್ತು. ಪ್ರತಿ ವರ್ಷ ಮಾಡುವ ಪಾಠ. ಯಾವ ಸ್ವಭಾವದವರಲ್ಲಿ ಅದು ಹೆಚ್ಚು, ಯಾರಲ್ಲಿ ಕಡಿಮೆ ಎಂದು ಪುಸ್ತಕದಲ್ಲಿ ಇದೆ. ಹೊಸದಕ್ಕೆ, ಬೇರೆಯದಕ್ಕೆ ಮನಸ್ಸು ತೆರೆದವರಲ್ಲಿ ಕಡಿಮೆ. ಮೇಲಿನವರ ಮಾತಿಗೆ ತಲೆಬಾಗುವವರು, ಎಲ್ಲವೂ ಇದ್ದ ಜಾಗದಲ್ಲೇ ಇರಬೇಕೆನ್ನುವವರು, ಗೊಂದಲಕ್ಕೆ ಹೆದರುವವರು, ಇಂಥವರಲ್ಲಿ ಹೆಚ್ಚು. ಮೃದು ಮನಸ್ಸಿನವರಲ್ಲಿ ಕಡಿಮೆ ಎಂದೂ ಇದೆ. ಹಿಂದಿನ ವರ್ಷಗಳಲ್ಲಿ ಅಲ್ಲಿಗೆ ಬಂದಾಗ ನಿಮ್ಮ ಉದಾಹರಣೆ ಕೊಡುತ್ತಿದ್ದೆ, ಹೊಳೆ ಬಂದಾಗಿನ ಕಥೆ ಹೇಳುತ್ತಿದ್ದೆ. ಈ ಸಲ ಮೊದಲಿನ ಸಾಲುಗಳಲ್ಲೂ ನೀವೇ ಕಂಡಿರಿ. ಊಟದ ತಾಟು ಒಂದು ಗೇಣು ಆಚೀಚೆ ಇದ್ದರೆ ಸರಿಸಿ ಇಡುವ ನೀವು, ಅಧಿಕಾರಿ ಎಂದರೆ ಕೂತಲ್ಲಿಂದ ಏಳುವ ನೀವು.

ಮೂರನೆಯ ದನ ಯಾರದೆಂದು ಗೊತ್ತಿಲ್ಲವೆನ್ನುತ್ತೀರಿ. ಸರ್ಫರಾಜನನ್ನು ನೀವು ಕೇಳಿದಿರಾ? ಅವನು ಚಡ್ಡಿ ಹಾಕುವಾಗಿನಿಂದ ನೋಡಿದ್ದೀರಿ. ಅಮ್ಮ ತೀರಿಕೊಂಡಾಗ ಆಸ್ಪತ್ರೆಯಿಂದ ಅವಳನ್ನು ಮನೆಗೆ ತಂದದ್ದು ಅದೇ ಟೆಂಪೋ. ಅದೇ ಮೂರನೆಯ ದನವನ್ನು ನಮ್ಮ ಕಲ್ಮೇಶಣ್ಣ ನಿಮಗೆ ಹೇಳದೆ ಏರಿಸಿಕೊಂಡು ಬಂದಿದ್ದರೆ ನೀವು ಏನು ಮಾಡುತ್ತಿದ್ದಿರಿ? "ಏನೋ ವ್ಯಾಪಾರ ಮಾಡ್ಯಾನ ಹುಡುಗ" ಎಂದು ನಗುತ್ತಿದ್ದಿರಿ. ಸರ್ಫರಾಜ ತಂದನೆಂದ ಕೂಡಲೇ ಅದು ಗುರುತಿಲ್ಲದ ದನವಾಯಿತು. ಅದರ ಜೊತೆ ನಿಮ್ಮ ಎತ್ತುಗಳೂ ಗುರುತಿಲ್ಲದವಾದವು.

ಇದು ಸತ್ಯಸಂಧತೆಯಲ್ಲ ಅಪ್ಪಾಜಿ. ನಿಮ್ಮ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ, "ಅವರ ಮಂದಿ, ಇದ್ದರೂ ಇರಬಹುದು" ಎನ್ನುವುದು ಇದೆ. ಮಂದಿ ಅಂದದ್ದು ಸುಳ್ಳೇ ಇರಲಿ, ನಿಮಗೆ ಅದು ಅಷ್ಟೇನೂ ಹೊಸದೆನಿಸಲಿಲ್ಲ.

ಉತ್ತರ ಬರೆಯಿರಿ.

ಶಿವಾನಿ


ತೊರಗಲ್
೧೯ ಜನವರಿ ೨೦೨೫

ಶಿವಾನಿಗೆ,

ಸಂಕ್ರಮಣಕ್ಕೆ ನೀನು ಬರಲಿಲ್ಲ. ಎಳ್ಳು ಬೆಲ್ಲ ಕೊಡುವವರು ಬಂದು ನಿನ್ನನ್ನು ಕೇಳಿ ಹೋದರು.

ನಿನ್ನ ಕಾಗದವನ್ನು ಬಹಳ ಸಲ ಓದಿದೆ. ನಾನು ನಿನ್ನನ್ನು ಓದಿಸಿದ್ದು ನೀನು ನನ್ನನ್ನು ಪಾಠದ ಒಳಗೆ ಹಾಕಲಿ ಎಂದಲ್ಲ. ನಿನ್ನ ಹುಡುಗರ ಮುಂದೆ ಒಳ್ಳೆಯವನೆಂದು ನನ್ನ ಹೆಸರು ಹೇಳಬೇಡ, ಕೆಟ್ಟವನೆಂದೂ ಹೇಳಬೇಡ.

ಸರ್ಫರಾಜನಿಗೆ ಜಾಮೀನು ಸಿಕ್ಕಿದೆ. ಮನೆಗೆ ಬಂದಿದ್ದಾನೆ. ಟೆಂಪೋ ಬಿಟ್ಟಿಲ್ಲ. ಎತ್ತುಗಳಲ್ಲಿ ಒಂದು ಗೋಶಾಲೆಯಲ್ಲಿ ಸತ್ತಿತಂತೆ. ನಾವು ಈ ವರ್ಷ ಬಾಡಿಗೆ ಟ್ರ್ಯಾಕ್ಟರಿನಲ್ಲೇ ಕೆಲಸ ಮುಗಿಸಿದೆವು. ದಾರಿಯಲ್ಲಿ ಎದುರಾದಾಗ ಹುಡುಗ "ನಮಸ್ಕಾರ್ರೀ ಅಪ್ಪಾರ" ಎಂದ. ಬಾಯಿ ಒಂದು ಕಡೆ ವಾಲಿದೆ. ನನಗೂ ಕರುಳಿದೆ ಮಗಳೇ. ಅವತ್ತು ಊಟ ಸೇರಲಿಲ್ಲ.

ಆದರೆ ನೀನು ಅಂದದ್ದಕ್ಕೆ ಉತ್ತರ ಹೇಳಬೇಕಲ್ಲ. ಹೌದು, ನನಗೆ ಅನುಮಾನ ಬಂತು. ಒಂದನ್ನು ನನ್ನಿಂದ ಮುಚ್ಚಿಟ್ಟವನು ಇನ್ನೊಂದನ್ನು ಮುಚ್ಚಿಟ್ಟಿರಲಾರನೇ? ಹಾಗೆ ಅನಿಸುವುದು ತಪ್ಪಾದರೆ ಈ ಊರಲ್ಲಿ ತಪ್ಪು ಮಾಡದವರು ಯಾರೂ ಇಲ್ಲ. ನಾನು ಅವರಿಗೆ ಎಂದೂ ಏರು ದನಿಯಲ್ಲಿ ಮಾತಾಡಿಲ್ಲ. ನಿನ್ನ ಅತ್ತಿ ಅವರ ಬಾಗಿಲಲ್ಲಿ ನಿಂತು ಏನೇನು ಅಂದಿದ್ದಾಳೆ, ನೀನೇ ಕೇಳಿದ್ದೀ. ಅವರ ಮನೆಯ ನೀರು ಮುಟ್ಟದವಳು ಅವಳು. ಅವಳನ್ನು ಯಾವ ಪಾಠದಲ್ಲಿ ಹಾಕುತ್ತೀ?

ಇನ್ನೊಂದು ಮಾತು. ಬೈಲಹೊಂಗಲದಿಂದ ಸವದತ್ತಿಗೆ ಬಸ್ಸು ಬೇಕಾದಷ್ಟಿವೆ. ಹುಡುಗ ಒಳಗಿದ್ದ ಇಷ್ಟು ದಿನಗಳಲ್ಲಿ ನೀನು ಎಷ್ಟು ಸಲ ಹೋಗಿ ಅವನನ್ನು ನೋಡಿ ಬಂದೆ? ಠಾಣೆಯ ಮೆಟ್ಟಿಲು ನಾನಾದರೂ ಹತ್ತಿದೆ.

ನಿನ್ನ ಅತ್ತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಿನ್ನ ಕಡೆ ಬರುತ್ತೇನೆಂದು ಗಂಟು ಕಟ್ಟುತ್ತಿದ್ದಾಳೆ. ಬಂದರೆ ಇಟ್ಟುಕೊ, ವಯಸ್ಸಾದವಳು. ಆದರೆ ಅವಳು ಆಡುವುದನ್ನೆಲ್ಲ ಕಿವಿಗೆ ಹಾಕಿಕೊಳ್ಳಬೇಡ.

ವೀರಪ್ಪ


ಬೈಲಹೊಂಗಲ
೧೬ ಫೆಬ್ರವರಿ ೨೦೨೫

ಅಪ್ಪಾಜಿ,

ಅತ್ತಿ ಬಂದಿದ್ದಾಳೆ. ಬಸ್ ಸ್ಟ್ಯಾಂಡಿನಿಂದ ನನ್ನ ಖೋಲಿಯವರೆಗೆ ಆಟೋದವನನ್ನು ಬೈಯುತ್ತ ಬಂದಳು. ಒಳಗೆ ಬಂದು ಚೀಲ ಇಟ್ಟು, ನೀರೂ ಕುಡಿಯದೆ ಕೇಳಿದಳು: "ನಿಮ್ಮಪ್ಪ ನಿನಗ ಬರದ ಕಾಗದದಾಗ ಆ ಮಣಕ ಯಾರದಂತ ಬರದಾನು?"

ಯಾರದೆಂದು ಅಪ್ಪನಿಗೆ ಗೊತ್ತಿಲ್ಲವಂತೆ ಎಂದೆ.

"ಗೊತ್ತಿಲ್ಲಾ? ಅವನ ಬಾಯಾಗ ಮಣ್ಣು ಬೀಳ್ಲಿ. ಮಣಕ ನಂದವಾ. ನನ್ನ ಪಾಲಿನ ಶೇಂಗಾ ಮಾರಿದ ರೊಕ್ಕ ಕೊಟ್ಟು ನಾನ ಹೇಳಿದ್ನಿ ಆ ಸಾಬರ ಹುಡುಗಗ, ನನಗೊಂದು ಮಣಕ ತಗೊಂಬಾರೋ, ನಮ್ಮ ವೀರಪ್ಪಗ ಹೇಳಬ್ಯಾಡ, ಬ್ಯಾಡ ಅಂತಾನ ಅಂತ. ಗಂಡಿಲ್ಲ, ಮಕ್ಕಳಿಲ್ಲ, ಒಂದು ದನಾ ಕಟಗೊಂಡು ಇರ್ತೇನಂದ್ರ ನಿಮ್ಮಪ್ಪಗ ಅಡ್ಡಿ. ಹುಡುಗ ಹಿಡದ್ರು ಅಂತ ಫೋನ್ ಬಂತಲ್ಲಾ, ಅವತ್ತ ಸಂಜಿಮುಂದ ಹೇಳೇನಿ ಅವಗ, ಅದು ನಂದೈತಿ, ನಡಿ ಇಬ್ರೂ ಹೋಗೂಣು ಅಂತ. ಏನಂದ ಗೊತ್ತನು? ನಮ್ಮ ಮನಿ ಹೆಣ್ಮಗಳು ಸಾಬರ ಹುಡುಗನ ಕೈಯಾಗ ಕದ್ದು ರೊಕ್ಕಾ ಕೊಟ್ಟಾಳಂತ ಠಾಣೆದಾಗ ಬರಸ್ಲ್ಯಾ? ಸುಮ್ಮ ಕುಂಡ್ರು ಅಂದ. ಕುಂತ್ನಿ. ಇವತ್ತ ಹೋದಾನು ನಾಳೆ ಹೋದಾನು ಅಂತ ಕುಂತ್ನಿ."

ಆಮೇಲೆ ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ನಿಮ್ಮ ಡಿಸೆಂಬರಿನ ಕಾಗದ ಮತ್ತೆ ತೆಗೆದು ನೋಡಿದೆ. "ಮಣಕ ತಗೊಂಬಾ ಅಂತ ನಾ ಹೇಳಿಲ್ರಿ." ಹೌದು, ನೀವು ಹೇಳಿರಲಿಲ್ಲ. "ಗಾಡಿ ಏರಿಸುವಾಗ ನಾನು ಇರಲಿಲ್ಲ." ಹೌದು, ಇರಲಿಲ್ಲ. ಒಂದೊಂದು ಸಾಲೂ ಖರೆ. ಎಷ್ಟು ಜೋಪಾನವಾಗಿ ಜೋಡಿಸಿದ್ದೀರಿ! ಮಣಕ ಯಾರದೆಂದು ಗೊತ್ತಿದ್ದೂ ಅದೇ ಮಣಕವನ್ನು ತೋರಿಸಿ ಹುಡುಗನ ಮೇಲೆ ಅನುಮಾನಪಟ್ಟಿರಿ. ಅವನು ಮುಚ್ಚಿಟ್ಟದ್ದು ಒಬ್ಬ ಮುದುಕಿ ಹೇಳಬೇಡ ಎಂದದ್ದಕ್ಕೆ. ಹೊಡೆತ ತಿನ್ನುವಾಗಲೂ, ಠಾಣೆಯಲ್ಲೂ, ಅವನು ಅತ್ತಿಯ ಹೆಸರು ಹೇಳಿಲ್ಲವೆಂದು ವಕೀಲರು ಫೋನಿನಲ್ಲಿ ಹೇಳಿದರು. ದೊಡ್ಡ ಮನೆಯ ಹೆಣ್ಣುಮಗಳ ಹೆಸರು ಅಲ್ಲಿ ಯಾಕೆಂದು ಅವನಿಗೂ ಅನಿಸಿತಂತೆ.

ನಾನು ಸವದತ್ತಿಗೆ ಹೋಗಲಿಲ್ಲವೆಂದು ಬರೆದಿದ್ದಿರಿ. ಹೌದು, ಹೋಗಲಿಲ್ಲ. ನಾಳೆ ಅತ್ತಿಯನ್ನು ಕರೆದುಕೊಂಡು ವಕೀಲರ ಹತ್ತಿರ ಹೋಗುತ್ತಿದ್ದೇನೆ.

ಶಿವಾನಿ


ರಾಮದುರ್ಗ
೨೧ ಮಾರ್ಚ್ ೨೦೨೫

ತಮ್ಮ ವೀರಪ್ಪಗ ಅಕ್ಕ ಶಟ್ಟೆವ್ವ ಬರಸೂದು ಏನಂದ್ರ,

ನನಗ ಅಕ್ಷರ ಬರಂಗಿಲ್ಲ ಅಂತ ನಿನಗ ಗೊತ್ತೈತಿ. ಬುರಾನಸಾಬನ ಮಗಳು ಫಿರದೋಸ್ ಬರೀಲಾಕತ್ತಾಳು. ನಾ ಅಂದದ್ದು ಅಂದಂಗ ಬರಿ, ಒಂದು ಬೈಗಳಾನೂ ಬಿಡಬ್ಯಾಡ ಅಂದೇನಿ. ಆಕಿ ಬಿಡತಾಳ, ಮಳ್ಳಿ.

ಕೋರ್ಟಿಗೆ ಹೋಗಿದ್ನಿ. ವಕೀಲ ಏನೇನೋ ಹೇಳಿಕೊಟ್ಟಿದ್ದ, ಎಲ್ಲಾ ಮರತ್ನಿ. ಜಡ್ಜ್ ಬಾಯಾರು ಸಣ್ಣ ಹುಡುಗಿ, ನಮ್ಮ ಶಿವಾನಿ ವಾರಿಗಿ, ಅಷ್ಟ ವಯಸ್ಸಿನಾಕಿ. "ಅಜ್ಜಿ, ಅಂಜಬ್ಯಾಡ್ರಿ" ಅಂದ್ಳು. ನಾ ಯಾಕ ಅಂಜಲಿ? ಮಣಕ ನಂದು, ಎತ್ತು ನಮ್ಮ ತಮ್ಮಂದು, ಹುಡುಗ ತರಾಕ ಹೋಗಿದ್ದ, ಇಷ್ಟ ಅಂದ್ನಿ. "ಅವರು ನಿಮಗೇನಾಗಬೇಕು?" ಅಂತ ಆ ಕಡೆ ವಕೀಲ ಕೇಳಿದ. ಏನೂ ಆಗಬೇಕಿಲ್ಲ, ಅವರ ಕೋಳಿ ನಮ್ಮ ಹಿತ್ತಲಾ ಕೆದರತಾವು, ದಿನಾ ಜಗಳ ಆಡತೇನಿ ಅಂದ್ನಿ. ಎಲ್ಲಾರೂ ನಕ್ರು.

ಟೆಂಪೋ ಬಿಡಾಕ ಆರ್ಡರ್ ಆಗೇತಿ. ಹೋಗಿ ನೋಡಿದ್ರ ಗಾಲಿ ಒಂದೂ ಇಲ್ಲ, ಬ್ಯಾಟರಿ ಇಲ್ಲ, ಒಳಗ ನಾಯಿ ಮರಿ ಹಾಕೇತಿ. ಮಣಕ ನನಗ ಕೊಟ್ರು. ಉಳದ ಒಂದೆತ್ತು ನಿಂದು, ಬೇಕಾದ್ರ ಹೋಗಿ ಗುರ್ತಾ ಹಿಡದು ತಗೊಂಬಾ.

ಎರಡು ದಿನಾ ಈಕಿ ಮನ್ಯಾಗ ಇದ್ನಿ. ನೀರು ಕುಡದಿಲ್ಲ. ನನ್ನ ತಂಬಗಿ ನನ್ನ ರೊಟ್ಟಿ ಕಟಗೊಂಡು ಬಂದೇನಿ, ಕಟ್ಟಿಮ್ಯಾಲೆ ಕುಂತು ತಿಂದೇನಿ. ನಮ್ಮವ್ವ ಕಲಿಸಿದ್ದು ಈ ವಯಸ್ಸಿನ್ಯಾಗ ಹೆಂಗ ಬಿಡ್ಲಿ? ಈಕಿನೂ ಏನೂ ಅನ್ಲಿಲ್ಲ. ಆದ್ರ ಅದು ಬ್ಯಾರೆ, ಇದು ಬ್ಯಾರೆ. ಹೊಟ್ಟ್ಯಾಗ ಒಂದಿಟಗೊಂಡು ಸವಿಯಾಗಿ ಮಾತಾಡಾಕ ನನಗ ಬರಂಗಿಲ್ಲಪಾ, ನೀನ ಕಲತಿ ಅದನ್ನ, ಸಾಲಿಗೆ ಹೋಗಿ.

ಯುಗಾದಿ ಆದಮ್ಯಾಲೆ ಬರತೇನಿ. ಪಡಸಾಲಿ ಆ ಕಡೆ ಖೋಲಿ ನಂದು. ಒಲಿ ಬ್ಯಾರೆ ಹೂಡತೇನಿ.

ಶಟ್ಟೆವ್ವ
(ಹೆಬ್ಬೆಟ್ಟು ಒತ್ತಿದ್ದಾರೆ. ಬೈಗುಳ ಮೂರು ಬಿಟ್ಟಿದ್ದೇನೆ. ಫಿರದೋಸ್)


ತೊರಗಲ್
೧೨ ಆಗಸ್ಟ್ ೨೦೨೫

ಚಿ. ಶಿವಾನಿಗೆ ಅಪ್ಪನ ಆಶೀರ್ವಾದ.

ಬಹಳ ದಿನ ಬರೆಯಲಿಲ್ಲ. ನೀನೂ ಬರೆಯಲಿಲ್ಲ. ಆದದ್ದು ಆಗಿ ಹೋಯಿತು. ತಂದೆ ಮಗಳ ನಡುವೆ ಎಷ್ಟು ದಿನ ಎಂದು ನಾನೇ ಕೈಗೆ ಪೆನ್ನು ತೆಗೆದುಕೊಂಡೆ.

ನಿನ್ನ ಅತ್ತಿ ಆರಾಮ ಇದ್ದಾಳೆ. ಒಂದೇ ಮನೆಯಲ್ಲಿ ಎರಡು ಒಲೆ. ನನ್ನೊಡನೆ ಮಾತಿಲ್ಲ, ಆದರೆ ನನಗೆ ಜ್ವರ ಬಂದಾಗ ಬಾಗಿಲಲ್ಲಿ ಕಷಾಯ ಇಟ್ಟು ಹೋದಳು.

ಬುರಾನಸಾಬನ ಮನೆಯವರು ಬೇಸಿಗೆಯಲ್ಲಿ ಊರು ಬಿಟ್ಟರು. ಕೇಸು ಇನ್ನೂ ನಡೆದಿದೆ, ಆದರೆ ಊರಲ್ಲಿ ಸರ್ಫರಾಜನಿಗೆ ಯಾರೂ ಬಾಡಿಗೆ ಹೇಳಲಿಲ್ಲ. ಟೆಂಪೋ ಗುಜರಿಗೆ ಹಾಕಿ ಹುಬ್ಬಳ್ಳಿಗೆ ಹೋದರು. ಹೊರಡುವ ದಿನ ನಾನು ಹೋಗಿದ್ದೆ. ಹುಡುಗನ ತಾಯಿ ರಹೀಮಬಿ ಒಳಗಿನಿಂದ ಹೊರಗೆ ಬರಲಿಲ್ಲ. ಬುರಾನಸಾಬನಿಗೆ, "ಏನರ ಕಮ್ಮಿಜಾಸ್ತಿ ಆಗಿದ್ರ ಮನಸಿನ್ಯಾಗ ಇಟಗೋಬ್ಯಾಡಪಾ" ಎಂದೆ. "ಏನೂ ಇಲ್ರೀ ಸೆಕ್ರೆಟರಿ ಅಪ್ಪಾರ" ಎಂದ. ಬಿಚ್ಚದ ಒಂದು ಚೀಲ ಜೋಳವನ್ನು ನಮ್ಮ ಕಟ್ಟೆಯ ಮೇಲೆ ಇಳಿಸಿ ಹೋದ. ನುಸಿ ಹಿಡಿದಿತ್ತು.

ನಾನು ಯಾರಿಗೂ ಕೆಡುಕು ಬಯಸಿದವನಲ್ಲ, ಶಿವಾನಿ. ಆ ಮಣಕದ ಮಾತು ನಾನು ಠಾಣೆಯಲ್ಲಿ ಹೇಳಬಹುದಿತ್ತು. ಆದರೆ ಆ ಹುಡುಗರು ಅದನ್ನೇ ಹಿಡಿದು ನಮ್ಮ ಮನೆಯ ಹೆಣ್ಣಿನ ಹೆಸರು ಮೊಬೈಲಿನಲ್ಲಿ ಊರೆಲ್ಲ ಹರಡಿದ್ದರೆ? ಬುರಾನಸಾಬನ ಮಂದಿಗಾದರೆ ಹೇಗೋ ನಡೆಯುತ್ತದೆ, ಅಂಥದ್ದೆಲ್ಲ ಅವರಿಗೆ ರೂಢಿ ಇದೆ. ನಮಗೆ ಇಲ್ಲ.

ಒಂದು ಸಂತೋಷದ ಸುದ್ದಿ. ಗಣಪತಿ ಹಬ್ಬ, ಈದ್ ಮಿಲಾದ್ ಎರಡೂ ಹತ್ತಿರ ಬಂದಿವೆಯೆಂದು ಶಾಂತಿ ಸಮಿತಿ ಮಾಡಿದ್ದಾರೆ. ಠಾಣೆಯ ಸಾಹೇಬರು ತಾವಾಗಿಯೇ ನನ್ನ ಹೆಸರು ಸೂಚಿಸಿದರು. "ಸೆಕ್ರೆಟರಿ ಅವರು ಸಮಾಧಾನದ ಮನುಷ್ಯಾರು, ಎರಡೂ ಕಡೆಯವರಿಗೆ ಬೇಕಾದವರು" ಎಂದರು. ಮೊದಲ ಸಭೆ ಚೆನ್ನಾಗಿ ನಡೆಯಿತು. ಆ ಕಡೆಯಿಂದ ಮಾತ್ರ ಯಾರೂ ಬಂದಿರಲಿಲ್ಲ. ನಾನು ಸೌಹಾರ್ದದ ಮೇಲೆ ನಾಲ್ಕು ಮಾತು ಆಡಿದೆ. ಎಲ್ಲರೂ ಮೆಚ್ಚಿದರು.

ಹಬ್ಬಕ್ಕೆ ಬಾ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ.

ನಿನ್ನ ತಂದೆ,
ವೀರಪ್ಪ


ಬೈಲಹೊಂಗಲ
೨೪ ಆಗಸ್ಟ್ ೨೦೨೫

ಅಪ್ಪಾಜಿ,

ನಿಮ್ಮ ಕಾಗದ ಓದಿದ ಮೇಲೆ ಹುಬ್ಬಳ್ಳಿಗೆ ಹೋಗಿ ಬಂದೆ. ಇಷ್ಟು ದಿನ ಹೋಗಿರಲಿಲ್ಲ.

ಅವರದು ಒಂದು ಓಣಿಯ ಕೊನೆಯಲ್ಲಿ ಎರಡು ಖೋಲಿ. ಬುರಾನಸಾಬ ಕಾಕಾ ಒಂದು ಗೋದಾಮಿನಲ್ಲಿ ಕಾವಲಿಗಿದ್ದಾನೆ. ಸರ್ಫರಾಜ ಬೇರೆಯವರ ಗಾಡಿಯಲ್ಲಿ ಫರಶಿ ಕಲ್ಲು, ಟೈಲ್ಸ್ ಸಾಗಿಸುತ್ತಾನೆ. ಫಿರದೋಸ್ ಕೂಡ ತಾಯಿಯನ್ನು ನೋಡಲು ಬಂದಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಒಳಗೆ ಚಾಪೆ ಹಾಸಿದಳು. ಆಮೇಲೆ, "ಬರ್ರಿ ಮೇಡಂ, ಕುಂಡ್ರಿ" ಎಂದಳು.

ನಾನು, "ಲೇ ಫಿರದೋಸ್, ನನಗ ರೀ ಅಂತೀಯಲ್ಲ" ಎಂದೆ. ಅವಳು ನಕ್ಕಳು. "ನೀವು ಓದಿದವರು, ಅನ್ನಬೇಕಲ್ರಿ" ಎಂದಳು. ಹೊರಡುವವರೆಗೂ ಹಾಗೆಯೇ ಕರೆದಳು. ಒಂದು ಕೆಟ್ಟ ಮಾತಿಲ್ಲ. ಚಹಾ ಕೊಟ್ಟಳು, ಬಿಸ್ಕೀಟು ಕೊಟ್ಟಳು. ನಿಮ್ಮ ಮಗಳಲ್ಲವೇ, ನಯವಾಗಿ ಕುಡಿದು ಬಂದೆ.

ರಹೀಮಬಿ ಕಾಕಿ ನನಗೆ ಕಾಣಿಸಲಿಲ್ಲ. ಒಳಗಿದ್ದಳು, ಬಳೆಯ ಸದ್ದು ಕೇಳುತ್ತಿತ್ತು.

ಸರ್ಫರಾಜ ಸಂಜೆ ಬಂದ. ಒಂದು 'ಪ' ಅನ್ನಬೇಕಾದರೂ ತುಟಿಗೆ ಕೈ ಹಿಡಿಯುತ್ತಾನೆ. ಮೊದಲು ಕೇಳಿದ್ದು ನಿಮ್ಮ ಮೊಣಕಾಲು ಹೇಗಿದೆ ಎಂದು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ, ಅವನು ಕೈ ಅಡ್ಡ ಮಾಡಿದ.

"ಬ್ಯಾಡ್ರಿ ಅಕ್ಕಾರ. ಅಪ್ಪಾರ ಮ್ಯಾಲೆ ನನಗ ಸಿಟ್ಟಿಲ್ಲ, ಅವರು ಛಲೋ ಮನುಷ್ಯಾರು. ನಮ್ಮ ಓಣ್ಯಾಗ ಈಗೂ ಹಂಗ ಹೇಳತೇನಿ. ಆದ್ರ ಒಂದು ತೀರ್ಮಾನ ಮಾಡೇನಿ. ಇನ್ನಮ್ಯಾಲೆ ಛಲೋ ಮನುಷ್ಯಾರ ಬಾಡಗಿ ಹಿಡಿಯಂಗಿಲ್ಲ. ಒರಟು ಮಂದಿದು ಹಿಡಿತೇನಿ. ಏನ ಕೇಸಾದ್ರೂ ಬೈಯಕೋತಾದ್ರೂ ಬಂದು ನಿಂದರತಾರ."

ಹಬ್ಬಕ್ಕೆ ನಾನು ಬರುವುದಿಲ್ಲ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಶಿವಾನಿ